ನಾಲ್ಕನೇ ಹಾಸಿಗೆಯ ಊಟ

ರಾತ್ರಿ ಹನ್ನೊಂದು. ಕುತಾಯಿಸಿಯ ಆಸ್ಪತ್ರೆ, ಮೂರನೇ ಮಹಡಿ.
ಗುರಾಮನಿಗೆ ಬಡಿಸುತ್ತಿದ್ದೇನೆ.
ತಟ್ಟೆಯಿಲ್ಲ, ಚಮಚೆಯಿಲ್ಲ, ಬಾಯಿಯೂ ಬೇಕಿಲ್ಲ.
ಮೂಗಿನಿಂದ ಇಳಿದ ನಳಿಕೆ, ಬೂದುಬಿಳಿ ದ್ರವ,
ಗಂಟೆಗೆ ನಲವತ್ತು ಮಿಲಿ.
ಪಂಪು ಎಣಿಸುತ್ತದೆ, ನಾನು ಬರೆಯುತ್ತೇನೆ.

ಇಪ್ಪತ್ತೆಂಟು ವರ್ಷ ವ್ಯಾನು ಓಡಿಸಿದವನು,
ಬಸ್ ನಿಲ್ದಾಣದಲ್ಲಿ ಗುಡ್ಡದೂರುಗಳ ಹೆಸರು ಕೂಗಿ ಕೂಗಿ
ಜನ ತುಂಬಿಸಿಕೊಂಡ ಗಂಟಲು.
ಈಗ ಅದರೊಳಗೊಂದು ಕೊಳವೆ;
ಅವನ ಉಸಿರನ್ನು ಯಂತ್ರ ಓಡಿಸುತ್ತಿದೆ.

ಹೆಂಡತಿ ನಜಿಬ್ರೋಲಾ ದಿನವೂ ಒಂದು ಜಾಡಿ ತರುತ್ತಾಳೆ:
ಬೇಯಿಸಿದ ಕೆಂಪು ಕಾಳು, ಅರೆದ ಅಕ್ರೋಡು.
'ತಿನ್ನಿಸುವ ಹಾಗಿಲ್ಲ' ಅನ್ನುತ್ತೇನೆ.
'ಗೊತ್ತು ತ್ಸಿಯಾಲಾ. ಬರಿಗೈಯಲ್ಲಿ ಹೇಗೆ ಬರಲಿ?'
ದಾದಿಯರ ಫ್ರಿಜ್ಜಿನಲ್ಲಿ ಜಾಡಿಗಳ ಸಾಲು,
ಔಷಧದ ಹಾಗೆ ಒಂದೊಂದಕ್ಕೂ ತಾರೀಖು.

ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ.
ಕುಡಿಯುವುದು ಹೇಗೆ? ಇಲ್ಲಿ ನೀರಿಗೂ ಲೆಕ್ಕ.
ಹೃದಯ ಸೋತವನ ಕಣಕಾಲಿಗೆ ಬೆರಳೂರಿದರೆ
ನಾದಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಗುಳಿ,
ನಿಧಾನ, ಬಹಳ ನಿಧಾನ ಮುಚ್ಚಿಕೊಳ್ಳುತ್ತದೆ.
ಒಡೆದ ತುಟಿಗೆ ಒದ್ದೆ ಸ್ಪಂಜು ಒತ್ತುತ್ತೇನೆ.
ಅಷ್ಟೇ ಅವನ ಬಾವಿ.

ಬೆಳಗ್ಗೆ ಪಾಳಿ ಮುಗಿಸಿ ಮಾರುಕಟ್ಟೆ ಹಾದರೆ
ಚೀಸ್ ಮಾರುವ ಎತೇರಿ ತೋಳು ಚಾಚುತ್ತಾಳೆ:
'ನೋಡೇ ಸ್ವಲ್ಪ, ತಲೆ ಭಾರ.'
ಚೀಲದಲ್ಲಿ ಈರುಳ್ಳಿಯ ಜೊತೆ ಬಿಪಿ ಯಂತ್ರವೂ ಇರುತ್ತದೆ.
ನೂರಾ ಎಪ್ಪತ್ತು.
'ಏನು ತಿನ್ನಲಿ?'
ಎಲ್ಲರೂ ಇದನ್ನೇ ಕೇಳುತ್ತಾರೆ;
ಏನು ಬಿಡಲಿ ಎಂದವರು ಇನ್ನೂ ಸಿಕ್ಕಿಲ್ಲ.

ಚೀಸನ್ನು ರಾತ್ರಿ ನೀರಲ್ಲಿ ನೆನೆಹಾಕು, ನೀರು ಚೆಲ್ಲು.
ಉಪ್ಪಿನಕಾಯಿ ಭಾನುವಾರಕ್ಕಿರಲಿ.
ಕಾಳು ತಿನ್ನು, ಬೀಟ್‌ರೂಟ್ ಸೊಪ್ಪು ಬಿಸಾಡಬೇಡ, ಅದನ್ನೂ ತಿನ್ನು.
'ನೆನೆಸಿದ ಮೇಲೆ ಅದು ಚೀಸೇನೇ?'
ಅಂಗಡಿ ಸಾಲೇ ನಗುತ್ತದೆ, ನಾನೂ ನಗುತ್ತೇನೆ.
'ನಿನ್ನ ಆರೋಗ್ಯಕ್ಕೆ' ಎಂದು ಲೋಟ ಎತ್ತೀ ಎತ್ತೀ
ಆರೋಗ್ಯ ಕಳೆದುಕೊಂಡವರ ಊರು ಇದು.

ಬಾದ್ರಿಯ ವಿಷಯ ಅವರಿಗೆ ಹೇಳುವುದಿಲ್ಲ.
ಎದುರಿನ ಸಾಲಲ್ಲಿ ಒಣಹಣ್ಣು ಮಾರುತ್ತಿದ್ದ,
ಮಾರ್ಚಿಯಲ್ಲಿ ಅವನೂ ಕೇಳಿದ್ದ, ಏನು ತಿನ್ನಲಿ.
ಬಸ್ಸು ಬಂದಿತ್ತು. 'ಕಡಿಮೆ ತಿನ್ನು' ಎಂದು ಓಡಿದ್ದೆ.
ಕಳೆದ ಗುರುವಾರ, ಎರಡನೇ ಹಾಸಿಗೆ,
ನಸುಕಿನ ನಾಲ್ಕು ಹತ್ತಕ್ಕೆ
ಅಲಾರಂ ಆರಿಸಿದ್ದು ನಾನೇ.

ಮತ್ತೆ ನನ್ನ ಊಟ?
ಸಿಂಕಿನ ಪಕ್ಕ ನಿಂತು, ತಣ್ಣಗಾದ ಚೀಸ್ ರೊಟ್ಟಿ,
ಎರಡು ಉಪ್ಪುಸೌತೆ, ಒಂದು ಕಣ್ಣು ಮಾನಿಟರಿನ ಮೇಲೆ.
ನನ್ನ ಬಿಪಿ ಕೇಳಬೇಡಿ.

ಹನ್ನೊಂದನೇ ದಿನ ಗುರಾಮನ ಕೊಳವೆ ತೆಗೆದರು.
ನುಂಗುವ ಪರೀಕ್ಷೆ: ಗಟ್ಟಿ ಮೊಸರು, ಒಂದೇ ಚಮಚೆ.
ಗಂಟಲ ಗಂಟಿನ ಮೇಲೆ ಬೆರಳಿಟ್ಟುಕೊಂಡೆ.
ಏರಿತು.
ನಿಂತಿತು.
ಇಳಿಯಿತು.
ಗಡಿಯಾರ ನೋಡಿ ಒಂದು ನಿಮಿಷ ಕಾದೆ; ಕೆಮ್ಮಲಿಲ್ಲ.
ಆಮೇಲೆ ತುಕ್ಕು ಹಿಡಿದ ಗೇಟು ಸರಿದ ದನಿ:
'ಉಪ್ಪಿಲ್ಲ.'

ನಜಿಬ್ರೋಲಾ ಗೋಡೆ ಹಿಡಿದು ನೆಲಕ್ಕೆ ಕುಸಿದು
ಸೆರಗಿಲ್ಲದ ಊರಿನವಳು, ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡು
ನಕ್ಕಳು, ಅಥವಾ ಅದು ನಗುವಲ್ಲ.
ನಾನು ಬರೆದೆ: ಬಾಯಿಂದ ಐದು ಮಿಲಿ. ಕೆಮ್ಮಿಲ್ಲ.
ಷರಾ ಎಂಬಲ್ಲಿ ಪೆನ್ನು ತಡೆಯಿತು;
'ರುಚಿ ತಿಳಿಯುತ್ತದೆ' ಎಂದು ಸೇರಿಸಿದೆ.

ರಾತ್ರಿ ಮೂರಕ್ಕೆ ಹಸಿವು.
ಫ್ರಿಜ್ಜು ತೆಗೆದು ಅವತ್ತಿನ ತಾರೀಖಿನ ಜಾಡಿ ಬಿಚ್ಚಿದೆ.
ಒಂದು ಚಮಚೆ. ಇನ್ನೊಂದು.
ಒಂದು ಹರಳೂ ಹಾಕಿರಲಿಲ್ಲ ಆಕೆ.
ಕುರ್ಚಿ ಎಳೆದುಕೊಂಡು
ಕೂತು ತಿಂದೆ.