ಅನಾಮಿಕ ನೀರುನಾಯಿ

ಒಂಬತ್ತನೇ ತರಗತಿಗೆ ಒಂದು ಹಾಳೆ ತೆರೆದುಕೊಟ್ಟೆ,
ಕಾಗದದ್ದಲ್ಲ, ಫೋನಿನಲ್ಲಿ ಬಿಚ್ಚಿಕೊಳ್ಳುವಂಥದ್ದು.
‘ಅಘನಾಶಿನಿಯ ಜೀವಿಗಳು’ ಎಂದು ನೆತ್ತಿಗೆ ಬರೆದು
ಕೊಂಡಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ.
ಇಪ್ಪತ್ತಾರು ಮಕ್ಕಳು, ಹದಿನಾಲ್ಕು ಫೋನು,
ಅದರಲ್ಲಿ ಐದರ ಗಾಜು ಒಡೆದದ್ದು.
ಅಫ್ರಾಜನ ಅಣ್ಣ ತದಡಿಯಿಂದ ಬೋಟು ಹತ್ತಿದರೆ
ಫೋನೂ ಬೋಟು ಹತ್ತುತ್ತದೆ.

ಮೊದಲ ವಾರ ಬರೀ ಗದ್ದಲ.
ರೊಯ್ಸ್ಟನ್ ಏಡಿಯ ಪಕ್ಕ ನಗುಮುಖಗಳನ್ನು ಸುರಿದ.
ಯಾರೋ ನನ್ನ ಹೆಸರನ್ನು ಉಭಯವಾಸಿಗಳ ಪಟ್ಟಿಗೆ ಸೇರಿಸಿದರು.
ಅಳಿಸಿದೆ.
ಮತ್ತೆ ಸೇರಿಸಿದರು.

ಎರಡನೇ ವಾರ ಅದು ಬಂತು.
ಹೆಸರು ಹೇಳದೆ ಒಳಬಂದವರಿಗೆ
ಯಂತ್ರವೇ ಒಂದು ಪ್ರಾಣಿಯ ಹೆಸರಿಡುತ್ತದೆ;
ಇದಕ್ಕೆ ಇಟ್ಟದ್ದು ‘ಅನಾಮಿಕ ನೀರುನಾಯಿ’.
ನಾನು ಪಠ್ಯದಿಂದ ಇಳಿಸಿದ್ದೆ:
“ಬಳಚು. ಮೃದ್ವಂಗಿ. ಎರಡು ಚಿಪ್ಪು. ಕೆಸರಿನಲ್ಲಿ ವಾಸ.”
ಕೆಳಗೆ ನೀರುನಾಯಿ ಬರೆದಿತ್ತು:
“ಬರೀ ಕೆಸರಲಿ ಬಳಚು ನಿಲುದಿಲ. ಹೊಯ್ಗೆ ಸೇರಿರಬೇಕು.
ಕಾಲಿಗೆ ಗೊತಾಗತದೆ. ಚಿಕದು ಸಿಕರೆ ವಾಪಸ ಬಿಡುದು.”

ತಿದ್ದಲು ಬೆರಳು ಹೋಯಿತು,
ಇಪ್ಪತ್ತು ವರ್ಷ ಕೆಂಪು ಶಾಯಿ ಹಿಡಿದ ಬೆರಳು.
ಒತ್ತು ಕೊಡಬಹುದಿತ್ತು. ಆದರೆ ಹೊಯ್ಗೆಯ ವಿಷಯ
ನನಗೆ ಗೊತ್ತಿರಲಿಲ್ಲ.

“ಬೀಗ ಹಾಕಿ ಗುನಗಾ ಸರ್, ಹೊರಗಿನವರು ಬಂದಿದ್ದಾರೆ,”
ಎಂದರು ಮುಖ್ಯ ಶಿಕ್ಷಕಿ.

ಹಾಳೆಯ ಬೆನ್ನಿನಲ್ಲಿ ಪ್ರತಿ ತಿದ್ದುಪಡಿಯ ಹೊತ್ತು ದಾಖಲಾಗಿರುತ್ತದೆ.
ಸೋಮವಾರ ಹತ್ತೂ ಇಪ್ಪತ್ತು.
ಮಂಗಳವಾರ ಹನ್ನೊಂದೂ ಹತ್ತು.
ಬುಧವಾರ ಸರಿಯಾಗಿ ಹನ್ನೆರಡು.
ಮಕ್ಕಳೆಲ್ಲ ನನ್ನೆದುರು ಕೂತಿರುವ ಹೊತ್ತು,
ಅವರ ಫೋನೆಲ್ಲ ಮನೆಯಲ್ಲಿರುವ ಹೊತ್ತು.
ಗಣಿತವನ್ನೂ ನಾನೇ ಕಲಿಸುವವನು, ಬಿಡುತ್ತೇನೆಯೇ,
ಹಲಗೆಯ ಮೇಲೆ ಬರೆದೆ: ಐವತ್ತೈವತ್ತು ನಿಮಿಷ ಹೆಚ್ಚುವ ಶ್ರೇಢಿ,
ಮುಂದಿನ ಪದ ಯಾವುದು?
ವರ್ಷಕ್ಕೆರಡು ಸಲ ಬಾಯಿ ತೆರೆಯುವ ಸಿಂಚನಾ ಅಂಬಿಗ
ಹಿಂದಿನ ಬೆಂಚಿನಿಂದ ಎದ್ದಳು.
“ಸರ್, ಅದು ಶ್ರೇಢಿ ಅಲ್ಲ. ಭರತ.”
ಇಡೀ ಕೋಣೆ ನಕ್ಕಿತು, ನಾನೊಬ್ಬ ಕೊನೆಗೆ.

ನೀರು ಏರಿದಾಗ ಬಳಚು ಹೆಕ್ಕುವ ಹಾಗಿಲ್ಲ,
ಬುಟ್ಟಿ ಮಗುಚಿ ಅದರ ಮೇಲೆ ಕೂತು ಕಾಯಬೇಕು.
ಹನ್ನೊಂದು ಮಕ್ಕಳ ತಾಯಂದಿರು ಹಾಗೆ ಕಾಯುವವರು.
ಯಾರ ತಾಯಿ ಎಂದು ಕೇಳಲಿಲ್ಲ.
ಸಿಂಚನಾ ಕಿಟಕಿಯ ಹೊರಗೆ ನೋಡುತ್ತಿದ್ದಳು.
ನೂತನಾಳೂ. ಅಫ್ರಾಜನೂ.

ಗುರುವಾರ ಹನ್ನೆರಡೂ ಐವತ್ತು. ಹಾಳೆ ಗೋಡೆಯ ಪರದೆಯ ಮೇಲೆ.
ಊಟದ ಗಂಟೆ ಹೊಡೆಯಿತು,
ತಟ್ಟೆಗಳು ಸದ್ದು ಮಾಡಲಿಲ್ಲ.
ಹಸಿರು ಗೆರೆಯೊಂದು ಬಂದು ‘ನೊಗಲಿ’ಯ ಮುಂದೆ ಮಿಣುಕಿತು.
“ನಮಸ್ಕಾರ. ತಾವು ಯಾರು?” ನಾನು ಒತ್ತಿದೆ.
ಗೆರೆ ನಿಂತಿತು,
ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತವರ ಹಾಗೆ.
ಆಮೇಲೆ ಒಂದೊಂದೇ ಅಕ್ಷರ.
ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿತು ಒಂಬತ್ತನೇ ತರಗತಿ,
ಒಂದನೇ ಇಯತ್ತೆಯ ಮಕ್ಕಳ ಹಾಗೆ:
“ಐದನೆತೆ ತನಕ ಕಲತವಳು.”
ಸ್ವಲ್ಪ ಬಿಟ್ಟು:
“ನೀರ ಇಳಿಲಿಕೆ ಹಿಡೀತು. ಬತೆ.”

ಅನ್ನ ಆರಿಹೋಗಿತ್ತು. ಉಂಡೆವು.

ಬೀಗ ಹಾಕಿಲ್ಲ.
ಸಂಜೆ ನೋಡಿದರೆ ಏಡಿಯ ಪಕ್ಕದ ನಗುಮುಖಗಳನ್ನು
ಯಾರೋ ಒಂದೂ ಬಿಡದೆ ತೆಗೆದಿದ್ದರು.
ಉಭಯವಾಸಿಗಳಲ್ಲಿ, ಕಪ್ಪೆಯ ಕೆಳಗೆ,
ನನ್ನ ಹೆಸರು ಮಾತ್ರ ಹಾಗೇ ಇತ್ತು.
ಇರಲಿ ಎಂದು ಬಿಟ್ಟೆ.