ಚುಕ್ಕಿ ಖಾನೆ

ರಾಮೋತ್ಸವದ ಚಪ್ಪರದಲ್ಲಿ ಅವರು ಹಾಡಿದ ತೋಡಿ
ನನಗೆ ಎರಡೂವರೆ ಚುಕ್ಕಿಯಷ್ಟು ಕೇಳಿಸಿತು.
ಗಾಂಧಾರ ನಡುಗಲಿಲ್ಲ; ನಡುಗಿದ್ದು
ಬೆನ್ನ ಹಿಂದೆ ಬಿಗಿದಿದ್ದ
ಚಿಕ್ಕಪೇಟೆ ಸೀರೆ ಅಂಗಡಿಯ ಬ್ಯಾನರು.
ಹಾಗೇ ಬರೆದೆ.

ಸಂಪಾದಕ ಅಶ್ವತ್ಥಯ್ಯ ಹಿಂದಿನ ಸಂಚಿಕೆ ಮಗುಚಿ
ಬೆನ್ನುಪುಟ ತೋರಿಸಿದರು:
ಅದೇ ಅಂಗಡಿ, ಇಡೀ ಪುಟ, ವರ್ಷದ ಕರಾರು.
"ನಾಲ್ಕು ಮಾಡಿ. ತೋಡಿಗೇನೂ ನಷ್ಟವಿಲ್ಲ.
ನಿಮ್ಮ ಸಂಭಾವನೆಯೂ ಅಲ್ಲಿಂದಲೇ ತಾನೆ?"
ಕಾಫಿ ಕುಡಿದೆ. ಅವರದೇ ಕಾಫಿ.
ನಾಲ್ಕು ಮಾಡಿದೆ.

ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ
ಮೊಳೆ ಜೋಡಿಸುವ ದಸ್ತಗೀರ್ ಸಾಬರು
ಖಾನೆಯೊಳಗೆ ಬೆರಳಾಡಿಸಿ ತಲೆಯೆತ್ತಿದರು.
"ಎರಡೇ ಉಳಿದಿರೋದು ಸ್ವಾಮಿ.
ಮಿಕ್ಕಿದ್ದೆಲ್ಲ ಆ ಸೀರೆ ಜಾಹೀರಾತಿನ ಅಂಚಿಗೆ ಹೋಯ್ತು.
ಬಿಚ್ಚಲಾ?"

ಫೋನು ಮಾಡಿದೆ. ಆ ಕಡೆ ಬಹಳ ಹೊತ್ತು
ಬರೀ ಉಸಿರು, ನಶ್ಯದ ಒಂದು ಸೀನು.
"ಅಂಚು ಮುಟ್ಟಬೇಡಿ," ಅಂದರು ಅಶ್ವತ್ಥಯ್ಯ,
ಇಟ್ಟುಬಿಟ್ಟರು.

ಎರಡೇ ಅಚ್ಚಾಯಿತು.
ಮಲ್ಲೇಶ್ವರದಲ್ಲಿ ಯಾರೋ ಅಡ್ಡಗಟ್ಟಿ ಕೈ ಕುಲುಕಿದರು:
"ಧೈರ್ಯ ಅಂದ್ರೆ ನಿಮ್ಮದು ಸಾರ್!"
ಕೈ ಬಿಡಿಸಿಕೊಳ್ಳಲಿಲ್ಲ ನಾನು.

ಆದರೆ ಆ ಅರ್ಧ.
ಅಚ್ಚಾಗದ ಆ ಅರ್ಧ ಚುಕ್ಕಿ ಈಗಲೂ ಚುಚ್ಚುತ್ತದೆ,
ಬರಿಗಾಲಿಗೆ ಸಿಕ್ಕ ಸೀಸದ ಮೊಳೆಯ ಹಾಗೆ.
ಕೊನೆಗೆ, ಪಾನಕದ ಸಾಲಿಗೆ ಜನವೆಲ್ಲ ಎದ್ದು ಹೋಗಿ,
ಗಾಳಿಗೆ ಬ್ಯಾನರಿನ ಒಂದು ತುದಿ ಕಳಚಿ ಜೋತ ಮೇಲೆ
ಒಂದು ದೇವರನಾಮ,
ಖಾಲಿ ಕುರ್ಚಿಗಳಿಗೆ,
ಕಣ್ಣು ಮುಚ್ಚಿ ಹಾಡಿದ್ದರು ಅವರು.
ಅದಕ್ಕೆ ಕೊಟ್ಟಿದ್ದೆ.