ಮೂವತ್ತೊಂದನೆಯ ವಾರ

ಜುಲೈ ಕೊನೆ. ಲಾಕ್ಸ್‌ಟನ್ನಿನಲ್ಲಿ ಬೆಳಗಿನ ಇಬ್ಬನಿ ಇನ್ನೂ
ನನ್ನ ಅಂಗಡಿಯ ತಗಡಿನ ಮೇಲೆ ಗಟ್ಟಿಯಾಗಿ ಕೂತಿತ್ತು.
ಎರ್ವಿನ್ ತ್ಸಾಡೋ ಬಂದ. ಹಿಂದೆ ಟ್ರೇಲರ್,
ಖಾಲಿ. ರಾತ್ರಿ ಅದರ ಮೇಲೆ ನಲವತ್ತು ಜೇನುಪೆಟ್ಟಿಗೆ
ಬಾದಾಮಿ ತೋಟಕ್ಕೆ ಹೋಗಬೇಕು.
"ಗಾಳಿ ನೋಡಿಬಿಡು ತಸೂಲಾ, ಅಷ್ಟೇ. ಬೇರೇನೂ ಬೇಡ."

ಬೇರೇನೂ ಬೇಡ ಅಂದವರ ಗಾಡಿಯ ಕೆಳಗೇ
ನಾನು ಮೊದಲು ತೂರುವುದು.

ಅವನು ಹೇಳಿದ್ದು ಸುಳ್ಳಲ್ಲ: ನೆಲ ಮುಟ್ಟುವ ಮೈ ಹೊಸದರಂತೆಯೇ ಇತ್ತು.
ಗೀರುಗಳಲ್ಲಿ ನಾಣ್ಯ ಇಳಿಸಿದರೆ ಅರ್ಧ ಮುಳುಗುವಷ್ಟು ಆಳ.
ಕಾರ್ಖಾನೆಯಿಂದ ಹೊತ್ತು ತಂದ ರಬ್ಬರಿನ ಕೂದಲು ಕೂಡ
ಒಂದೆರಡು ಕಡೆ ಉದುರದೆ ಉಳಿದಿತ್ತು.
ವರ್ಷಕ್ಕೊಂದು ಸಲ ಹೋಗಿ, ಒಂದು ಸಲ ಬರುವ ಗಾಡಿ.
ಉಳಿದಂತೆ ಶೆಡ್ಡಿನ ಪಕ್ಕ, ಬಿಸಿಲಿಗೆ
ಒಂದೇ ಮಗ್ಗುಲು ಕೊಟ್ಟು ನಿಂತಿರುತ್ತದೆ.

"ಸವೆದಿಲ್ಲ," ಅಂದ.
ಸವೆದಿಲ್ಲ, ಹೌದು. ಸವೆಯದೆಯೂ ಮುಗಿಯಬಹುದು, ಎರ್ವಿನ್.
ಓಡುವ ಟೈರು ಬಾಗುತ್ತದೆ, ಬಾಗಿದಾಗ
ಒಳಗಿನ ಮೇಣ ಹೊರಗೆ ಬಂದು ಮೈಗೆ ಹತ್ತುತ್ತದೆ.
ನಿಂತದ್ದಕ್ಕೆ ಆ ಎಣ್ಣೆಸ್ನಾನ ಇಲ್ಲ.
ಮೇಣದ ವಿಷಯ ನಿನಗೆ ನಾನು ಹೇಳಬೇಕೆ?

ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದೆ:
ಕೂದಲೆಳೆಯ ಬಿರುಕು, ನೂರಾರು,
ಹಳೆಯ ಪಿಂಗಾಣಿ ಬಟ್ಟಲಿನ ಹೊಳಪಿನಲ್ಲಿ ಓಡುವಂಥವು.
ಹೊರಗೆ ಇಷ್ಟು ಕಂಡರೆ, ಒಳಗಿನ ಪದರಗಳು
ಒಂದರ ಕೈ ಒಂದು ಬಿಡತೊಡಗಿರಬಹುದು. ಯಾವಾಗಲೋ
ಪೂರ್ತಿ ಭಾರದಲ್ಲಿ, ತೊಂಬತ್ತರ ವೇಗದಲ್ಲಿ,
ಬಾಳೆಸಿಪ್ಪೆಯಂತೆ ಸುಲಿದುಕೊಂಡು ಹೋಗುತ್ತದೆ.
ನಲವತ್ತು ಪೆಟ್ಟಿಗೆ. ರಸ್ತೆಯಲ್ಲಿ. ಕತ್ತಲಲ್ಲಿ.
ನಾನಂತೂ ಅಲ್ಲಿಗೆ ಬರುವವಳಲ್ಲ, ಈಗಲೇ ಹೇಳಿದ್ದೇನೆ.

ನಗಲಿಲ್ಲ. "ಎಷ್ಟು ವಯಸ್ಸು ಇದಕ್ಕೆ?"

ವಯಸ್ಸನ್ನು ಬರೆದೇ ಇರುತ್ತಾರೆ, ಆದರೆ ಇದರಲ್ಲಿ
ಯಾರೂ ಬಗ್ಗಿ ನೋಡದ ಒಳಬದಿಗೆ ಬಂದಿತ್ತು.
ಮಣ್ಣಿಗೆ ಬೆನ್ನು ಕೊಟ್ಟು, ಟಾರ್ಚು ಹಲ್ಲಲ್ಲಿ ಕಚ್ಚಿ,
ತೋಳಿನಿಂದ ಒರೆಸಿದೆ.
ನಾಲ್ಕು ಅಂಕಿ: ಮೂರು, ಒಂದು, ಒಂದು, ಎರಡು.
ಎರಡು ಸಾವಿರದ ಹನ್ನೆರಡು. ಮೂವತ್ತೊಂದನೆಯ ವಾರ.
ಕೆಳಗಿನಿಂದಲೇ ಕೂಗಿದೆ. ಅವನ ಬೂಟು ಅಲ್ಲಾಡಲಿಲ್ಲ.

"ಹನ್ನೆರಡು. ಹಳದಿ," ಅಂದ.

ಏನು ಹಳದಿ?

ಬೆಂಚಿನ ಮೇಲೆ ಕೂತು, ನನ್ನ ಕಾಫಿ ಕುಡಿಯುತ್ತ ಹೇಳಿದ:
ರಾಣಿಹುಳದ ಬೆನ್ನಿಗೆ ಹುಟ್ಟಿದ ವರ್ಷದ ಬಣ್ಣ ಇಡುತ್ತಾರಂತೆ.
ಬಿಳಿ, ಹಳದಿ, ಕೆಂಪು, ಹಸಿರು, ನೀಲಿ; ಮತ್ತೆ ಬಿಳಿ.
ಐದೇ ಸಾಕು. ತನ್ನ ಬಣ್ಣ ಎರಡನೆಯ ಸಲ ಬರುವ ಹೊತ್ತಿಗೆ
ರಾಣಿ ಇರುವುದಿಲ್ಲ.
"ಎರಡು ವರ್ಷಕ್ಕೆ ನಾನೇ ತೆಗೆದುಬಿಡುತ್ತೇನೆ,
ಅವಳು ಚೆನ್ನಾಗಿ ಓಡಾಡುತ್ತಿದ್ದರೂ."
ಅಂದವನು ಸುಮ್ಮನಾದ.
ಬೆರಳು ಮಡಚಿದ: ಹದಿನೇಳು ಹಳದಿ, ಇಪ್ಪತ್ತೆರಡು ಹಳದಿ.
"ಎರಡು ಸಲ ಬಂದು ಹೋಗಿದೆ. ಬಿಚ್ಚು."

ನಾಲ್ಕೂ ಬಿಚ್ಚಿದೆ. ಐದನೆಯದಕ್ಕೆ, ಸ್ಟೆಪ್ನಿಗೆ, ಅಡ್ಡ ನಿಂತ:
"ಅದು ನೆಲವನ್ನೇ ಮುಟ್ಟಿಲ್ಲ!"
ಅವನೇ ಓದಲಿ ಎಂದು ಟಾರ್ಚು ಕೊಟ್ಟೆ.
ಬಹಳ ಹೊತ್ತು ಓದಿದ,
ನಾಲ್ಕು ಅಂಕಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಹೊಸವು ಬಂದಾಗ ಅವುಗಳ ಅಂಕಿಯನ್ನೂ ಕೇಳಿದ. ಕಲಿತಿದ್ದ.
ಈ ವರ್ಷದ್ದೇ, ಒಂಬತ್ತನೆಯ ವಾರ. ಗೋದಾಮಿನಲ್ಲಿ ಮುದಿಯಾದದ್ದನ್ನು
ಹೊಸದೆಂದು ಮಾರುವವರೂ ಇದ್ದಾರೆ; ನಾನಲ್ಲ.

ಹೊರಡುವ ಮುಂಚೆ ಜೇಬಿನಿಂದ ಬಣ್ಣದ ಪೆನ್ನು ತೆಗೆದ.
ಪ್ರತಿ ಟೈರಿನ ಹೊರಬದಿಗೆ, ನಿಂತವರಿಗೆ ಕಾಣುವ ಕಡೆ,
ಒಂದು ಕೆಂಪು ಚುಕ್ಕಿ. ಸ್ಟೆಪ್ನಿಗೂ.
ಉಸಿರು ಹಿಡಿದು, ಹಗುರಾಗಿ,
ಟೈರು ಎಲ್ಲಿ ಹಾರಿಹೋದೀತೋ ಎಂಬಂತೆ.
"ಮತ್ತೆ ಕೆಂಪು ಬಂದಾಗ, ಬರೀ ಗಾಳಿ ನೋಡು ಅಂತ ನಾನು ಅಂದರೆ
ಕೇಳಬೇಡ."

ದುಡ್ಡು ಅರ್ಧ ಕೊಟ್ಟ.
ಇನ್ನರ್ಧ ಜೇನಂತೆ, ಬಾದಾಮಿ ಮುಗಿದ ಮೇಲೆ.
ಬಾದಾಮಿ ಹೂವಿನ ಜೇನು ಕಹಿ.
ಅವನಿಗೂ ಗೊತ್ತು, ನನಗೂ ಗೊತ್ತು.